ಪೆಟ್ಟಿಗೆಯೊಳಗಿನ ಮಳೆಗೆ ಓಡಿದ ಬೀಗರು

ನನ್ನ ಮೊಮ್ಮಗಳ ಮದುವೆ ಗಟ್ಟಿಯಾದದ್ದು ಬಾರದ ಮಳೆಯಿಂದ. ಇದನ್ನು ಬಾಯಲ್ಲಿ ಹೇಳಲು ಹೋದಾಗಲೆಲ್ಲ ಅರ್ಧಕ್ಕೇ ನಗು ಬಂದು ಕಣ್ಣಲ್ಲಿ ನೀರು ತುಂಬುತ್ತದೆ. ಕೇಳುವವರು ಕಥೆ ಬಿಟ್ಟು ನನಗೆ ನೀರು ಕುಡಿಸುತ್ತಾರೆ. ಅದಕ್ಕೇ ಬರೆದುಬಿಡುತ್ತೇನೆ. ಮೂರನೆಯ ಇಯತ್ತೆಯಲ್ಲಿ ಸಾಲೆ ಬಿಟ್ಟವಳು, ಅಕ್ಷರ ಸೊಟ್ಟಗಿದ್ದರೆ ಓದುವವರು ಕತ್ತು ಸ್ವಲ್ಪ ಓರೆ ಮಾಡಿಕೊಳ್ಳಲಿ.

ಆಗ ಇಳಕಲ್ಲಿನಲ್ಲಿ ಫೋನು ಮನೆಗಳಿಗೆ ಬಂದಿತ್ತು, ಎಲ್ಲರ ಕಿಸೆಗೆ ಇನ್ನೂ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಮಗ, ಸೊಸೆ ಇಬ್ಬರೂ ಮಗ್ಗದ ಮೇಲೆ. ನಾನು ರಾಟಿಯ ಮುಂದೆ ಕೂತು ನೂಲು ಸುತ್ತುತ್ತಿದ್ದೆ. ಅವರ ಒಬ್ಬಳೇ ಮಗಳು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಳು. ಅವಳ ಓದಿಗೆಂದು ಬಾಗಲಕೋಟೆಯಿಂದ ಒಂದು ಕಂಪ್ಯೂಟರ್ ನನ್ನ ಕೌದಿಯಲ್ಲೇ ಸುತ್ತಿಕೊಂಡು ಬಸ್ಸಿನಲ್ಲಿ ಬಂತು. ಓಣಿಯ ಹೆಂಗಸರು ಅದಕ್ಕೆ ಆರತಿ ಮಾಡಿ, ಪರದೆಗೆ ಕುಂಕುಮ ಹಚ್ಚಿ, ಮೌಸಿಗೂ ಒಂದು ಬೊಟ್ಟು ಇಟ್ಟರು.

ಓದು ಮುಗಿದ ಮೇಲೆ ಅವಳು ಒಂದು ಆಟ ಆಡುತ್ತಿದ್ದಳು. ಗೆಳತಿ ಕೊಟ್ಟ ಸಿಡಿ. ಅದರಲ್ಲಿ ಗುಂಡು ಹಾರಿಸುವುದಿಲ್ಲ, ಯಾರೂ ಸಾಯುವುದಿಲ್ಲ. ಸಮುದ್ರದ ನಡುವೆ ಒಂದು ನಡುಗಡ್ಡೆ, ಅದರ ಮೇಲೊಂದು ಹಳೆಯ ಮನೆ. ಒಳಗೆ ದೀಪ ಉರಿಯುತ್ತಿದೆ, ಒಲೆಯ ಮೇಲೆ ಪಾತ್ರೆ ಇದೆ, ಮನುಷ್ಯರು ಮಾತ್ರ ಇಲ್ಲ. ಎಲ್ಲಿ ಹೋದರು ಎಂದು ಹುಡುಕುತ್ತಾ ಕೋಣೆಯಿಂದ ಕೋಣೆಗೆ ನಡೆಯಬೇಕು. ಹೆಜ್ಜೆ ಇಟ್ಟಲ್ಲಿ ಹಲಗೆ ಕಿರುಗುಡುತ್ತದೆ. ಕಿಟಕಿಯ ಹೊರಗೆ ಇದ್ದಕ್ಕಿದ್ದಂತೆ ಗುಡುಗು, ಆಮೇಲೆ ಮಳೆ. ಆ ಮಳೆ ಎಂಥದ್ದೆಂದರೆ, ಹೊರಗೆ ಹಪ್ಪಳ ಸುಡುವಂಥ ಬಿಸಿಲಿದ್ದಾಗ ನಾನು ಕೌದಿ ಹೊದ್ದುಕೊಂಡು ನೋಡುತ್ತಿದ್ದೆ.

ಒಂದು ಮಾತ್ರ ನನಗೆ ಸರಿಬರುತ್ತಿರಲಿಲ್ಲ.

“ದೀಪ ಉರಿಯಾಕತ್ತೈತಿ. ಮಂದಿ ಮನ್ಯಾಗ ಹಿಂಗ ನುಗ್ಗತಾರೇನು? ಒಂದ ಸಲ ಕೂಗು.”

“ಯಾರದಾರ್ರಿ ಒಳಗ?” ಎಂದು ಪರದೆಗೆ ಕೂಗಿ ಅವಳು ನನ್ನತ್ತ ತಿರುಗುತ್ತಿದ್ದಳು. “ಸಾಕಾತಾ ಆಯಿ? ಇನ್ನ ಹೋಗ್ಲ್ಯಾ?”

ಕಂಪ್ಯೂಟರ್ ಹೆಣ್ಣುಮಕ್ಕಳನ್ನು ಕೆಡಿಸುತ್ತದೆ ಎಂದು ಬುದ್ಧಿ ಹೇಳಲು ಓಣಿಯ ದೊಡ್ಡ ಮನುಷ್ಯರು ಒಬ್ಬೊಬ್ಬರಾಗಿ ಬಂದರು. ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಮಾಸ್ತರರು. ಮೂಗು ಮುರಿಯುತ್ತಾ ನಿಂತೇ ನೋಡಿದರು, ಆಮೇಲೆ ಕೂತರು, ಆಮೇಲೆ “ಹಿಂಗಲ್ಲವಾ, ತಾ ಇಲ್ಲೆ” ಎಂದು ಅವಳ ಕೈಯಿಂದ ಮೌಸ್ ಕಸಿದುಕೊಂಡು, ನೆಟ್ಟಗೆ ಹೋಗಿ ಆಟದೊಳಗಿನ ಮನೆಯ ಹಿಂದಿನ ಬಾವಿಗೆ ಬಿದ್ದರು. ಮರುದಿನ ಇನ್ನಷ್ಟು ಬುದ್ಧಿ ಹೇಳಬೇಕೆಂದು ಮತ್ತೆ ಬಂದರು. “ಇದೊಂದ ಹಾಳ ಚಟ” ಎನ್ನುತ್ತಿದ್ದ ನನ್ನ ಮಗನೂ “ತಾ ಇಲ್ಲೆ” ಎಂದ, ಬಾವಿಗೆ ಬಿದ್ದ. ಅಂದು ಅವನ ಮಗ್ಗದ ಸಪ್ಪಳ ಕೇಳಲಿಲ್ಲ. ಬಂದವರೆಲ್ಲ ಕಸಿದುಕೊಳ್ಳುವವರೇ, ಬೀಳುವವರೇ. ಎದುರು ಮನೆಯ ಮುದುಕಿ ಜ್ವರ ಬಂದು ಮಲಗಿದ್ದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಡುಗಡ್ಡೆಯವರು ಉಂಡರೋ ಇಲ್ಲವೋ ಎಂದು ಮಾತ್ರ ಎಲ್ಲರೂ ಹಲುಬಿದರು. ಕೊನೆಗೆ ಮುದುಕಿಯೇ ಕೋಲೂರಿಕೊಂಡು ಬಂದು, “ಸಿಕ್ಕರೇನವಾ ಅವರು?” ಎಂದು ಕೇಳಿದಳು.

ಹೀಗಿರುವಾಗ ಬಾದಾಮಿಯಿಂದ ಒಂದು ಸಂಬಂಧ ಬಂತು. ಹುಡುಗ ಸಾಲೆಯ ಮಾಸ್ತರ. ಅವನ ತಂದೆ ಸರ್ಕಾರಿ ನೌಕರಿ ಮುಗಿಸಿದವರು. ಮಗ್ಗದ ಮನೆಯಲ್ಲಿ ಹುಟ್ಟಿದರೂ ಈಗ ಮಗ್ಗದ ಹೆಸರೆತ್ತಿದರೆ ಅಂಗಿಯ ಇಸ್ತ್ರಿ ಸರಿಮಾಡಿಕೊಳ್ಳುವವರು. ನಡುವಿನವರ ಕೈಯಲ್ಲಿ ಮುಂಚೆಯೇ ಹೇಳಿ ಕಳಿಸಿದ್ದರು: “ಸೊಸಿ ಕೈಯಾಗ ಲಟ್ಟಣಗಿ ಇರಬೇಕ್ರಿ, ಕಂಪ್ಯೂಟರ ಅಲ್ಲ.”

ಮೊಮ್ಮಗಳು ನನ್ನ ರಾಟಿಯ ಪಕ್ಕ ಬಂದು ಕೂತಳು.

“ಆಯಿ, ಅದನ್ನ ಬಿಟ್ಟು ಬಾ ಅನ್ನೂ ಮನಿಗೆ ನಾ ಹೋಗಂಗಿಲ್ಲ. ನಾ ಮುಂದ ನಾಕ ಹುಡುಗ್ಯಾರಿಗೆ ಕಂಪ್ಯೂಟರ್ ಕಲಸಬೇಕಂತ ಮಾಡೇನಿ. ನೀ ಅಪ್ಪಗ ಹೇಳು.”

ಹೇಳಿದೆ. ಮಗ ಕೇಳಲಿಲ್ಲ. “ಒಳ್ಳೆ ಮನೆತನ. ಅವರು ಬರೂ ಮುಂದ ಅದು ಕಣ್ಣಿಗೆ ಬೀಳಬಾರದು, ಮುಚ್ಚಿಡ್ರಿ” ಎಂದ. ಇರುವ ಒಂದೇ ಪಡಸಾಲೆಯಲ್ಲಿ ಎಲ್ಲಿ ಮುಚ್ಚಿಡುವುದು? ಸೊಸೆ ಒಂದು ಹೊಸ ಸೀರೆಯನ್ನು ಮಡಿಕೆ ಬಿಡಿಸಿ, ಕೆಂಪು ಸೆರಗು ಮುಂದೆ ಬರುವಂತೆ ಅದರ ಮೇಲೆ ಹೊದಿಸಿದಳು. ಜೀಪಿನ ಹಾರ್ನ್ ಕೇಳುವವರೆಗೂ ಆಡುತ್ತಿದ್ದ ಹುಡುಗಿ ಅವಸರದಲ್ಲಿ ಪರದೆ ಆರಿಸುವ ಗುಂಡಿ ಮಾತ್ರ ಒತ್ತಿದ್ದಳು. ಒಳಗಿನ ಆಟ ನಡೆದೇ ಇತ್ತು. ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಂಡಿನ ಕಡೆಯವರು ಒಳಗೆ ಬಂದರು. ಸೀರೆ ಹೊದ್ದು ಕೂತ ಪೆಟ್ಟಿಗೆಯನ್ನು ಕಂಡು ಹುಡುಗನ ತಾಯಿ ಮನೆದೇವರೆಂದು ಕೈಮುಗಿದರು. ನನ್ನ ಮಗನೂ ಬೇರೆ ದಾರಿಯಿಲ್ಲದೆ ಕೈಮುಗಿದ.

ಉಪ್ಪಿಟ್ಟು ಬಂತು. ಹುಡುಗಿ ತಲೆ ತಗ್ಗಿಸಿ ಕೂತಳು. ಬೀಗರು, ಅಂದರೆ ಹುಡುಗನ ತಂದೆ, ಗಂಟಲು ಸರಿಮಾಡಿಕೊಂಡು, “ಈಗಿನ ಹುಡುಗ್ಯಾರು ನೋಡ್ರಿ, ಮನಿ ಕೆಲಸ ಬಿಟ್ಟು…” ಎಂದು ಶುರುಮಾಡಿದ್ದರಷ್ಟೇ, ಗುಡುಗಿತು. ಒಂದು ಗುಡುಗು, ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಧೋ ಎಂದು ಮಳೆ.

ನಮ್ಮ ಓಣಿಯಲ್ಲಿ ಅಂದು ಹಾಸು ಹಾಕಿದ್ದರು. ಸೀರೆಯ ಉದ್ದದ ಎಳೆಗಳನ್ನೆಲ್ಲ ಬೀದಿಯುದ್ದಕ್ಕೂ ಬಿಗಿದು ಗಂಜಿ ಹಚ್ಚಿ ಒಣಗಲು ಬಿಡುತ್ತಾರೆ. ಮೇಲೆ ನಾಲ್ಕು ಹನಿ ಬಿದ್ದರೆ ಎಲ್ಲ ಅಂಟಿಕೊಂಡು ಹಾಳು. ನನ್ನ ಮಗ ಏಳುವ ಮೊದಲೇ ಬೀಗರು ಎದ್ದಿದ್ದರು.

“ಹಾಸ ತೊಯ್ತಾವು! ಏಳ್ರಲೇ, ಕುಂತ ಏನ್ ನೋಡ್ತೀರಿ!”

ಉಪ್ಪಿಟ್ಟಿನ ತಾಟು ಕೈಯಲ್ಲೇ ಇತ್ತು. ಅದನ್ನು ನನ್ನ ಮಡಿಲಿಗೆ ಹಾಕಿ ಓಡಿದರು. ಅವರ ಹಿಂದೆ ಹುಡುಗ, ಹುಡುಗನ ತಾಯಿ, ನನ್ನ ಮಗ. ಕೂಗು ಕೇಳಿ ಓಣಿಯವರೂ ಓಡಿಬಂದರು. ಇಸ್ತ್ರಿ ಅಂಗಿಗೆಲ್ಲ ಗಂಜಿ ಮೆತ್ತಿಕೊಂಡು ಬೀಗರು, “ಆ ತುದಿ ಹಿಡೀರಿ! ಎಳಿ ಹರದಾವು, ಸಾವಕಾಶ!” ಎಂದು ಹುಕುಂ ಮಾಡಿದ್ದೇ ಮಾಡಿದ್ದು. ನಾನು ಬಾಗಿಲಿಗೆ ಬಂದು ನೋಡಿದರೆ ಇಡೀ ಓಣಿ ಹಾಸು ಹೊತ್ತುಕೊಂಡು, ಸುಡುವ ಬಿಸಿಲಲ್ಲಿ, ಆಕಾಶ ನೋಡುತ್ತಾ ನಿಂತಿತ್ತು. ಒಂದು ಮೋಡವಿಲ್ಲ. ಒಳಗೆ ಮಾತ್ರ ಮಳೆ ಜೋರಾಗಿ ಸುರಿಯುತ್ತಲೇ ಇತ್ತು.

ಆ ಸಪ್ಪಳ ಹಿಡಿದು ಎಲ್ಲರೂ ಒಳಗೆ ಬಂದಾಗ ನಕ್ಕವಳು ಮೊಮ್ಮಗಳು. ನೋಡಲು ಬಂದವರ ಮುಂದೆ ಹುಡುಗಿ ಹಾಗೆ ನಗಬಾರದು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಎದ್ದು ದೇವರ ಮೇಲಿನ ಸೀರೆ ಎಳೆದು ಪರದೆ ಹಚ್ಚಿದಳು. ನನ್ನ ಮಗನ ಮುಖ ಗಂಜಿಗಿಂತ ಬಿಳಿಚಿಕೊಂಡಿತು. ಸಂಬಂಧ ಮುರಿಯಿತು ಎಂದುಕೊಂಡೆ.

ಬೀಗರು ಪರದೆಯ ಹತ್ತಿರ ಬಂದು ಬಗ್ಗಿದರು. “ಯಾವೂರ ಮಳಿ ಇದು?”

“ಯಾವೂರಿಂದೂ ಅಲ್ರಿ, ಆಟದಾಗಿಂದು.”

“ಆ ಮನ್ಯಾಗ ಯಾರದಾರ?”

“ಅದನ್ನ ಹುಡುಕಾಕತ್ತೀನ್ರಿ.”

ಅವರು ಕುರ್ಚಿ ಎಳೆದುಕೊಂಡರು. “ಹಿಂಗಲ್ಲವಾ, ತಾ ಇಲ್ಲೆ.” ಮೌಸ್ ಕಸಿದುಕೊಂಡರು. ಬಾವಿಗೆ ಬಿದ್ದರು.

ಲಟ್ಟಣಿಗೆಯ ಮಾತು ಅಲ್ಲಿಗೇ ಮುಗಿಯಿತು. ಅಡುಗೆ ಬರುತ್ತದೆಯೇ ಎಂದು ಕೇಳಬೇಕಾಗಿದ್ದ ಬೀಗಿತ್ತಿ, “ಮಾಳಿಗಿ ಹತ್ರಿ, ಮಾಳಿಗಿ! ಬಾವ್ಯಾಗ ಏನೈತಿ?” ಎಂದು ಗಂಡನ ಹೆಗಲು ಅಲುಗಿಸುತ್ತಿದ್ದರು. ನಡುವೆ ಕರೆಂಟ್ ಹೋಯಿತು. ಎದ್ದು ಹೋಗುತ್ತಾರೆ ಎಂದುಕೊಂಡರೆ ಒಬ್ಬರೂ ಕದಲಲಿಲ್ಲ. ಕಪ್ಪು ಪರದೆಯ ಮುಂದೆ ಎರಡೂ ಮನೆಯವರು ಕಾದರು. ಕರೆಂಟ್ ಬಂದಾಗ ಬೀಗರು ಸೋತ ಮುಖದಿಂದ ಮಗನಿಗೆ, “ನೀ ನೋಡಪಾ ಒಂದ ಕೈ” ಎಂದರು.

ಹುಡುಗ ಬಂದು ಸ್ಟೂಲಿನ ಮೇಲೆ ಕೂತ. ಮೊಮ್ಮಗಳು ರೂಢಿಯಂತೆ ಮೌಸನ್ನು ಅವನ ಕಡೆ ಸರಿಸಿದಳು. ಅವನು ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡ.

“ನೀವ ನಡಸ್ರಿ. ನಾ ನಿಮ್ಮ ಜೋಡಿ ಬರ್ತೇನಿ.” ಸ್ವಲ್ಪ ಹೊತ್ತು ನೋಡಿ, “ಕೂಗಲಾರದ ಒಳಗ ಹೊಂಟ್ರಲ್ರಿ?” ಎಂದ.

ನಾನು ಅಲ್ಲೇ ಕುಣಿಯುವುದೊಂದು ಬಾಕಿ.

ಹೊರಡುವಾಗ ಬೀಗರು ಜೀಪಿನ ಮೆಟ್ಟಿಲ ಮೇಲೆ ನಿಂತು ಹೇಳಿದರು: “ನಮಗ ಎಲ್ಲಾ ಒಪ್ಪಿಗಿ. ಆದ್ರ ಒಂದ ಮಾತೈತ್ರಿ.” ನನ್ನ ಮಗ ಕೈ ಜೋಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದ. “ಆ ಪೆಟಗಿ ಹುಡುಗಿ ಸಂಗಾಟ ಬರಬೇಕು. ನಾ ಇನ್ನೂ ಬಾವ್ಯಾಗ ಅದೇನಿ.”

ಅವರು ಒಪ್ಪಿದ್ದು ದೊಡ್ಡದೇನಲ್ಲ, ಹುಡುಗಿ ಒಪ್ಪಬೇಕಲ್ಲ. ಅಡುಗೆಮನೆಗೆ ಹೋಗಿ ಕೇಳಿದೆ. ಹ್ಞೂಂ ಅಂದಳು. “ನನಗ ಗೊತ್ತಿತ್ತು, ಅಂವಾ ಮನಿ ಮುಂದ ನಿಂತು ಕೂಗು ಅಂದನಲ್ಲ, ಸಂಸ್ಕಾರ ಇದ್ದಾಂವ” ಎಂದೆ.

“ಅದಲ್ಲ ಆಯಿ,” ಅಂದಳು. “ನನ್ನ ಕೈಯಾಗಿಂದ ಕಸಗೊಳ್ಳಲಿಲ್ಲ.”

ಮದುವೆಯಾಗಿ ಬಾದಾಮಿಗೆ ಹೊರಟ ದಿನ ಪೆಟ್ಟಿಗೆಗೆ ಮತ್ತೆ ನನ್ನ ಕೌದಿಯನ್ನೇ ಸುತ್ತಿದೆ. ಜೀಪಿನಲ್ಲಿ ಮುಂದೆ ಕೂತಿದ್ದ ಬೀಗರು ಎರಡೂ ಕೈ ಹಿಂದಕ್ಕೆ ಚಾಚಿ, “ದಾರ್ಯಾಗ ಕುಲಕ್ತೈತಿ, ತಾ ಇಲ್ಲೆ, ನಾ ಹಿಡಕೋತೇನಿ” ಎಂದರು.

“ಇರ್ಲಿ ಬಿಡಪ್ಪಾ,” ಅಂದ ಹುಡುಗ. “ಅಕೀದು, ಅಕೀನ ಹಿಡಕೊಳ್ಳಲಿ.”

ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು, ಬಾಸಿಂಗ ಕಟ್ಟಿದ ಹಣೆಯನ್ನು ಕೌದಿಗೆ ಆನಿಸಿ, ನನ್ನನ್ನು ನೋಡಿ ನಕ್ಕಳು. ಜೀಪು ಓಣಿ ದಾಟುವಾಗ ಬೀಗರು ಒಣಗಲು ಹಾಕಿದ್ದ ಹಾಸನ್ನು ನೋಡಿದರು, ಆಮೇಲೆ ಕತ್ತು ಹೊರಗೆ ಹಾಕಿ ಆಕಾಶವನ್ನೂ ಒಮ್ಮೆ ನೋಡಿದರು.