ಕಾಡಿನ ಗೇಟಿನ ತನಕ

ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದವನ ನಿಜವಾದ ಹೆಸರು ಯಾರಿಗೆ ನೆನಪಿರುತ್ತದೆ? ಡಿಪೋದಲ್ಲೂ ಬೀದಿಯಲ್ಲೂ ಅವನು ರೈಟಣ್ಣ. ಎಲ್ಲರೂ ಹತ್ತುವ ತನಕ ಕೆಳಗೆ ನಿಂತು ತಲೆ ಎಣಿಸಿ, ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ಬಡಿದು, "ರೈಟ್, ರೈಟ್!" ಎಂದು ಕೂಗಿ, ಗಾಲಿ ಉರುಳತೊಡಗಿದ ಮೇಲೆ ಫುಟ್‌ಬೋರ್ಡಿಗೆ ಹಾರುವುದು ಅವನ ಪದ್ಧತಿ. ಒಳಗೆ ಬೆಚ್ಚಗೆ ಕೂತು ಸೀಟಿ ಊದುವ ಕಂಡಕ್ಟರುಗಳನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. "ಒಬ್ಬರನ್ನೂ ಬಿಟ್ಟು ಹೋದವನಲ್ಲ ನಾನು" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಮನೆಯಲ್ಲಿದ್ದವಳನ್ನು ಮಾತ್ರ ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅವನ ಬಸ್ಸಿನ ಕೊನೆಯ ಸ್ಟಾಪು ಅರಣ್ಯ ಉದ್ಯಾನದ ಗೇಟು. ರಜೆ ಬಂತೆಂದರೆ ಊರಿಗೆ ಊರೇ ಅಲ್ಲಿಗೆ ಹೊರಡುತ್ತಿತ್ತು, ರೈಟಣ್ಣನಿಗೆ ಆವತ್ತು ಉಸಿರಾಡಲೂ ಪುರುಸೊತ್ತಿಲ್ಲದಷ್ಟು ಡ್ಯೂಟಿ. ಮದುವೆಯಾದ ಹೊಸತರಲ್ಲಿ ಹೆಂಡತಿ ಹಟ ಹಿಡಿದು ಅವನದೇ ಬಸ್ಸಿನಲ್ಲಿ ಹೋಗಿದ್ದಳು. ಬಸ್ಸು ಅಲ್ಲಿ ನಿಲ್ಲುವುದು ಹತ್ತು ನಿಮಿಷ. ಗೇಟಿನ ಸರಳು ಹಿಡಿದು ಒಳಗಿನ ಮರಗಳನ್ನು ನೋಡುತ್ತ ಮೈಮರೆತಿದ್ದವಳನ್ನು ಅವನು ಸೀಟಿ ಊದಿ ಕರೆದ. ಕಟ್ಟಿಕೊಂಡ ಹೆಂಡತಿಯನ್ನು ಸೀಟಿ ಊದಿ ಕರೆದ ಗಂಡ ಲೋಕದಲ್ಲಿ ಇವನೊಬ್ಬನೇ ಎಂದು ಅವಳು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. "ಇನ್ನೊಂದ್ಸಲ ಒಳಗೇ ಕರ್ಕೊಂಡು ಹೋಗ್ತೀನಿ ಬಿಡೇ" ಎಂದಿದ್ದ. ಆ ಇನ್ನೊಂದು ಸಲ ಬರುವ ಹೊತ್ತಿಗೆ ಅವನಿಗೆ ನಿವೃತ್ತಿಯಾಗಿತ್ತು, ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು.

ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು, ಇನ್ನು ಔಷಧಿಯಿಂದ ಆಗುವುದೇನಿಲ್ಲ, ಅವರಿಗೇನು ಆಸೆಯಿದೆಯೋ ನೋಡಿ ಎಂದರು.

"ಆ ಗೇಟಿನ ಒಳಗೆ ಹೋಗ್ಬೇಕು," ಎಂದಳು ರೈಟಣ್ಣನ ಹೆಂಡತಿ. ಮಗಳು ಕಾರು ಮಾಡಿಸುತ್ತೇನೆಂದರೆ ಒಪ್ಪಲಿಲ್ಲ. "ಕಂಡಕ್ಟರ್ ಹೆಂಡ್ತಿ ಕಣೇ ನಾನು. ಬಸ್ಸಲ್ಲೇ ಹೋಗೋದು."

ನೋವು ಕಡಿಮೆಯಿದ್ದ ಒಂದು ದಿನ ನೋಡಿ ಗಂಡ, ಹೆಂಡತಿ, ಮಗಳು, ಮೊಮ್ಮಗಳು ಹೊರಟರು. ದೊಡ್ಡ ನಿಲ್ದಾಣದಲ್ಲಿ ಇಳಿದು ಎರಡನೆಯ ಬಸ್ಸು ಹಿಡಿಯಬೇಕಿತ್ತು. ಅದು ಹೊಸ ನಮೂನೆಯದು: ತಾನಾಗಿ ಮುಚ್ಚುವ ಬಾಗಿಲು, ಕಂಡಕ್ಟರೇ ಇಲ್ಲ. ರೈಟಣ್ಣ ಹೆಂಡತಿಯನ್ನು ಜೋಪಾನವಾಗಿ ಕಿಟಕಿ ಪಕ್ಕ ಕೂರಿಸಿದ. ಅಷ್ಟರಲ್ಲಿ ಯಾರೋ ಅಜ್ಜಿ ಗಂಟು ಹೊತ್ತುಕೊಂಡು ಹತ್ತಲಾರದೆ ಒದ್ದಾಡುತ್ತಿದ್ದಳು. ಇಳಿದು ಅವಳನ್ನೂ ಹತ್ತಿಸಿದ. ಇನ್ಯಾರಾದರೂ ಉಳಿದರೇ ಎಂದು ಅತ್ತಿತ್ತ ನೋಡಿದ, ಕೈ ತಾನಾಗಿ ಬಸ್ಸಿನ ಮೈಗೆ ಎರಡು ಸಲ ಬಡಿಯಿತು.

"ರೈಟ್, ರೈಟ್!"

ಬಾಗಿಲು ಬುಸ್ಸೆಂದು ಮುಚ್ಚಿಕೊಂಡಿತು. ಹಾರೋಣವೆಂದರೆ ಫುಟ್‌ಬೋರ್ಡೇ ಇಲ್ಲ. "ತಾತಾ!" ಎಂದು ಮೊಮ್ಮಗಳು ಕಿಟಕಿಯಿಂದ ಕಿರುಚಿದಳು. ಒಬ್ಬರನ್ನೂ ಬಿಟ್ಟು ಹೋಗದ ಮನುಷ್ಯ ತನ್ನನ್ನೇ ಬಿಟ್ಟು ಬಸ್ಸು ಕಳಿಸಿದ್ದ.

ಮಗಳ ಫೋನು ಬಂತು. "ಅಪ್ಪ, ಮುಂದಿನ ಸ್ಟಾಪಲ್ಲಿ ಇಳಿದುಬಿಡ್ಲಾ?"

"ಬೇಡಮ್ಮ, ಅವಳನ್ನ ಇಳಿಸಿ ಹತ್ತಿಸೋದು ಆಗದ ಮಾತು. ನೀವು ಒಳಗೆ ಹೋಗ್ತಾ ಇರಿ, ಹಿಂದೆ ಬರೋ ಬಸ್ಸಿಗೆ ಬಂದೆ."

"ಸೀಟಿ ಊದೋಕೆ ಹೇಳೇ ನಿಮ್ಮಪ್ಪಂಗೆ," ಎಂದು ಹೆಂಡತಿ ನಗುವುದು ಕೇಳಿಸಿತು. ರೈಟಣ್ಣನಿಗೂ ನಗು ಬಂತು. ಮುಂದಿನ ಬಸ್ಸಿಗೆ ಇನ್ನು ಒಂದೂವರೆ ಗಂಟೆ ಎಂಬುದು ಅವನಿಗೆ ಬಾಯಿಪಾಠ. ಆವತ್ತು ಅದು ಇನ್ನೂ ಅರ್ಧ ಗಂಟೆ ತಡವಾಗಿ ಬಂತು. ಅಷ್ಟು ಹೊತ್ತೂ ಅವನು ನಿಂತೇ ಇದ್ದ, ನಗು ಎಲ್ಲೋ ಹೋಗಿತ್ತು.

ಬಸ್ಸು ಇಳಿದು ನೋಡಿದರೆ ಅವಳು ಗೇಟಿನ ಹೊರಗಿನ ಕಲ್ಲುಬೆಂಚಿನ ಮೇಲೇ ಇದ್ದಾಳೆ! ಮುಖ ಬಿಳಿಚಿತ್ತು, ಉಸಿರು ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ ಎನ್ನುವಂತಿತ್ತು. ಮೊಮ್ಮಗಳು ಡಬ್ಬಿಯ ಮುಚ್ಚಳದಿಂದ ಗಾಳಿ ಬೀಸುತ್ತಿದ್ದಳು.

"ಎಷ್ಟು ಹೇಳಿದ್ರೂ ಕೇಳ್ಲಿಲ್ಲಪ್ಪ," ಎಂದಳು ಮಗಳು ಅಳುತ್ತ. "ಇಷ್ಟು ವರ್ಷ ಕಾದಿದ್ದೀನಿ, ಇನ್ನೆರಡು ಗಂಟೆ ಕಾದ್ರೆ ಸವೆದು ಹೋಗ್ತೀನಾ, ಹೋದ್ರೆ ಅವರ ಜೊತೆಗೇ ಅಂತ ಕೂತುಬಿಟ್ಳು."

ಬಾಗಿಲು ಹಾಕುವ ಹೊತ್ತಾಗಿತ್ತು. ಕಾವಲಿನವನು ಒಳ್ಳೆಯವನು. "ಒಂದ್ ಹತ್ತು ನಿಮಿಷ ಹೋಗ್ಬನ್ನಿ ಅಣ್ಣ, ನಾನು ನಿಂತಿರ್ತೀನಿ," ಎಂದ. ರೈಟಣ್ಣ ಕಂಕುಳಿಗೆ ಕೈಕೊಟ್ಟು ಅವಳನ್ನು ಎಬ್ಬಿಸಿದ. ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಮೊಣಕಾಲು ಕುಸಿಯಿತು.

"ಎತ್ಕೊಂಡು ಹೋಗ್ತೀನಿ ಬಾರೇ."

"ಬೇಡ ರೀ. ಇರೋ ಶಕ್ತಿ ಮನೆ ಸೇರೋಕೆ ಬೇಕು."

ಗೇಟು ಹಾರುಹೊಡೆದಿತ್ತು. ಅವಳು ಅದರ ಸರಳು ಹಿಡಿದುಕೊಂಡು, ಹಿಂದೆ ನೋಡಿದ್ದ ಜಾಗದಿಂದಲೇ ಮರಗಳನ್ನು ನೋಡಿದಳು. "ನಂದೇ ತಪ್ಪು ಕಣೇ," ಎಂದ ರೈಟಣ್ಣ.

"ಅಲ್ದೆ ಇನ್ಯಾರದು?" ಎಂದು ಅವಳು ಅವನ ಅಂಗಿಯ ಕಾಲರು ಸರಿಮಾಡಿದಳು.

ಬಸ್ಸು ತಿರುಗಿ ನಿಂತಿತ್ತು. ಕೂತ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಎಲ್ರೂ ಹತ್ತಿದ್ರಾ? ರೈಟ್ ಅನ್ನಿ ಮತ್ತೆ, ಹೋಗೋಣ." ಏನು ಮಾಡಿದರೂ ಅವನ ಬಾಯಿಂದ ಆ ಮಾತು ಹೊರಡಲಿಲ್ಲ. ಡ್ರೈವರು ತನ್ನಷ್ಟಕ್ಕೆ ಬಸ್ಸು ಬಿಟ್ಟ.

ಅದಾಗಿ ಹದಿನೆಂಟನೆಯ ದಿನ ಅವಳು ತೀರಿಕೊಂಡಳು. ಮನೆ ಮುಂದೆ ವ್ಯಾನು ಬಂತು. ಅವಳನ್ನು ಒಳಗಿಟ್ಟರು, ಮಗಳೂ ನೆಂಟರೂ ಹತ್ತಿದರು. ರೈಟಣ್ಣ ಅಭ್ಯಾಸದಂತೆ ಕೆಳಗೆ ಒಬ್ಬನೇ ನಿಂತಿದ್ದ. ಹೊರಡೋಣವೇ ಎಂದು ಡ್ರೈವರು ಅವನ ಮುಖ ನೋಡಿದ. ರೈಟಣ್ಣ ಮೊದಲು ತಾನು ಹತ್ತಿ ಅವಳ ಪಕ್ಕ ಕೂತ. ಆಮೇಲೆ ಒಳಗಿನಿಂದ ತಗಡಿಗೆ ಎರಡು ಸಲ ಬಡಿದ.