ಎರೆ ಮಣ್ಣಿನ ಪಾಠ

ಕಳೆದ ರವಿವಾರ ಹುಕ್ಕೇರಿಯ ನಮ್ಮ ಮನೆಯ ತುಂಬ ಸ್ಕೆಚ್ ಪೆನ್ನಿನ ವಾಸನೆ. ಎರಡನೆಯ ತರಗತಿಯ ಮಗಳಿಗೆ ಗಿಡದ ಭಾಗಗಳ ಚಾರ್ಟ್ ಮಾಡಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರು. ಅಂದರೆ ನನಗೆ ಹೇಳಿದ್ದರು. ವಾರವಿಡೀ ಕಚೇರಿಯಲ್ಲಿ ಕುಳಿತ ಬೆನ್ನನ್ನು ನೆಲಕ್ಕೆ ಬಗ್ಗಿಸಿ ಎಲೆಗಳಿಗೆ ಹಸಿರು ತುಂಬುತ್ತಿದ್ದೆ. ಆ ವಾಸನೆ ನಿಮಗೂ ಗೊತ್ತಿರಬೇಕು, ಅರ್ಧ ಸಿಹಿ, ಅರ್ಧ ಔಷಧಿ. ಉಳಿದವರಿಗೆ ಅದರಿಂದ ತಲೆನೋವು ಬರುತ್ತದಂತೆ. ನನಗೆ ನಿದ್ದೆ ಬರುತ್ತದೆ. ಇದು ನನ್ನ ಅವ್ವ ಬಿ.ಎಡ್. ಓದಿದ ವರ್ಷ ಅಂಟಿದ ರೋಗ.

ಆಗ ಅವಳಿಗೆ ನಲವತ್ತು ಹತ್ತಿರವಾಗಿತ್ತು. ನಾನು ಎಂಟನೆಯ ತರಗತಿ, ತಮ್ಮ ಅಂಗನವಾಡಿ. ಮದುವೆಗೆ ಮೊದಲು ಪಡೆದ ಪದವಿಯನ್ನು ಅವ್ವ ರೇಷ್ಮೆ ಸೀರೆಗಳ ಕೆಳಗೆ ಇಟ್ಟು ಮರೆತಿದ್ದಳು, ಅಥವಾ ನಾವು ಹಾಗೆ ತಿಳಿದಿದ್ದೆವು. ಅಪ್ಪ ಯಮಕನಮರಡಿಯಲ್ಲಿ ಲಾರಿ ಓಡಿಸುತ್ತಿದ್ದ, ಬಿಡುವಾದಾಗ ಕುಲಗೋಡದ ಮನೆಗೆ ಬರುತ್ತಿದ್ದ. ಸರಕಾರಿ ಶಾಲೆಯ ನೌಕರಿಗೆ ಅರ್ಜಿ ಹಾಕುವ ವಯಸ್ಸು ಮೀರುವುದರೊಳಗೆ ಬಿ.ಎಡ್. ಮುಗಿಸಿ ಒಮ್ಮೆ ಪ್ರಯತ್ನ ಮಾಡುತ್ತೇನೆ ಎಂದು ಅವ್ವ ಒಂದು ದಿನ ಅವನಿಗೆ ಹೇಳಿದಳು. ಅವನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಎಲ್ಲಿಯಾದರೂ ನಪಾಸಾದರೆ ಇನ್ನೊಂದು ವರ್ಷ ಬೇಕಾಗುತ್ತಿತ್ತು, ಆ ಇನ್ನೊಂದು ವರ್ಷ ಅವಳ ಬಳಿ ಇರಲಿಲ್ಲ. ಯಾರೂ ಕೂರಿಸಿಕೊಂಡು ಹೇಳದಿದ್ದರೂ ಇಷ್ಟು ನನಗೆ ತಿಳಿದಿತ್ತು.

ಇಬ್ಬರೂ ಒಂದೇ ಬಸ್ಸಿನಲ್ಲಿ ಗೋಕಾಕಕ್ಕೆ ಹೋಗುತ್ತಿದ್ದೆವು, ನಾನು ಹೈಸ್ಕೂಲಿಗೆ, ಅವಳು ಕಾಲೇಜಿಗೆ. ನಿಂತಲ್ಲೇ ನಿದ್ದೆ ಮಾಡುವುದನ್ನು ಆ ಬಸ್ಸಿನಲ್ಲಿ ಕಲಿತೆವು. ಅವಳು ಕಂಬಿ ಹಿಡಿದು, ನಾನು ಅವಳ ಸೆರಗು ಹಿಡಿದು. ನಸುಕಿನಲ್ಲಿ ಎದ್ದು ನಲ್ಲಿಯ ನೀರು ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನೀರು ತುಂಬುವಷ್ಟು ಹೊತ್ತು ಅವ್ವ ರೊಟ್ಟಿ ಬಡಿಯುತ್ತ ಪಾಠ ಮಾಡುತ್ತಿದ್ದಳು. ಒಲೆಯ ಮುಂದೆ ಕುಳಿತ ಅಪ್ಪನ ತಾಯಿ, ನಮ್ಮ ಆಯಿ, ಆ ತರಗತಿಯ ಏಕೈಕ ವಿದ್ಯಾರ್ಥಿನಿ. ತುಂಟ ವಿದ್ಯಾರ್ಥಿನಿ.

ಕಪ್ಪು ಮಣ್ಣಿನಲ್ಲಿ, ಅಂದರೆ ನಮ್ಮ ಎರೆ ಮಣ್ಣಿನಲ್ಲಿ, ಯಾವ ಬೆಳೆ ಚೆನ್ನಾಗಿ ಬರುತ್ತದೆ ಎಂದು ಅವ್ವ ಪುಸ್ತಕದ ಭಾಷೆಯಲ್ಲಿ ಕೇಳುವಳು.

"ನೀರಿದ್ರ ಕಬ್ಬು, ಇಲ್ಲಂದ್ರ ಜ್ವಾಳ," ಎನ್ನುವಳು ಆಯಿ.

"ಹತ್ತಿ ಅನ್ನಬೇಕ್ರಿ ಅತ್ತಿ. ಪುಸ್ತಕದಾಗ ಹಂಗ ಐತಿ."

"ಪುಸ್ತಕ ಬರದವ್ರನ್ನ ಒಮ್ಮಿ ಕುಲಗೋಡಕ್ಕ ಕರ್ಕೊಂಡ ಬಾ. ನಾ ಹೊಲಾ ತೋರಸ್ತೇನಿ."

ಅವ್ವ ನಗುತ್ತಿದ್ದಳೋ ಇಲ್ಲವೋ ನೆನಪಿಲ್ಲ. ಅವಳ ಕೈ ರೊಟ್ಟಿಯ ಮೇಲೆಯೇ ಇರುತ್ತಿತ್ತು.

ಬಿ.ಎಡ್. ಮಾಡಿದವರಿಗೆ ಪರೀಕ್ಷಾ ಪಾಠವೆಂದರೇನೆಂದು ಗೊತ್ತು. ಹೊರಗಿನಿಂದ ಬಂದ ಪರೀಕ್ಷಕರು ತರಗತಿಯಲ್ಲಿ ಕುಳಿತು ನೋಡುತ್ತಾರೆ. ಅದು ಕೆಟ್ಟರೆ ಉಳಿದದ್ದೆಲ್ಲ ಚೆನ್ನಾಗಿದ್ದರೂ ಉಪಯೋಗವಿಲ್ಲ. ಅವ್ವನಿಗೆ ಆ ಪಾಠ ನನ್ನ ಶಾಲೆಯಲ್ಲಿ, ನನ್ನ ತರಗತಿಯಲ್ಲೇ ಬಂತು. ಹಿಂದಿನ ಸಂಜೆ ಮಣ್ಣು, ಬೆಳೆಗಳ ಚಾರ್ಟಿಗೆ ಸ್ಕೆಚ್ ಪೆನ್ನಿನಿಂದ ಬಣ್ಣ ತುಂಬಿದವಳು ನಾನು. ಬಿಳಿ ಹಾಳೆಯ ಮೇಲೆ ಬಿಳಿ ಹತ್ತಿ ಬಿಡಿಸಿ, ಅದು ಯಾರ ಕಣ್ಣಿಗೂ ಬೀಳದ ಹಾಗೆ ಮಾಡಿದ್ದೆ.

ಬೆಳಿಗ್ಗೆ ಬಸ್ಸಿನಲ್ಲಿ ಅವ್ವ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು: "ನನಗ ಟೀಚರ್ ಅನ್ನು. ಉತ್ತರ ಗೊತ್ತಿದ್ರೂ ಕೈ ಎತ್ತಬ್ಯಾಡ. ತಾಯಿ ಮಗಳು ಮನಿಯಿಂದ ಮಾತಾಡ್ಕೊಂಡ ಬಂದಾರ ಅಂತಾರ."

ಕೈ ಎತ್ತುವ ಪ್ರಶ್ನೆಯೇ ಬರಲಿಲ್ಲ. ನಾನು ಎರಡನೆಯ ಬೆಂಚಿನಲ್ಲಿದ್ದೆ, ಚಾರ್ಟು ನನ್ನ ಎದುರಿಗೇ ತೂಗುತ್ತಿತ್ತು. ಕಾಲೇಜಿನ ಸಮವಸ್ತ್ರದ ಸೀರೆಯುಟ್ಟ ಅವ್ವ ಕೆಂಪು ಮಣ್ಣು ಮುಗಿಸಿ ಕಪ್ಪು ಮಣ್ಣಿಗೆ ಬರುವಷ್ಟರಲ್ಲಿ ಆ ವಾಸನೆ, ನಸುಕಿನ ನೀರಿನ ಕೊಡಗಳು, ಕಿಟಕಿಯ ಬಿಸಿಲು ಎಲ್ಲ ಕೂಡಿ ನನ್ನ ಕಣ್ಣು ಮುಚ್ಚಿದವು. ಮತ್ತೆ ತೆರೆದಾಗ ಮೂಗಿಗೆ ತಾಗುವಷ್ಟು ಹತ್ತಿರ ಸೀರೆಯ ನೆರಿಗೆಗಳು. ಪರೀಕ್ಷಕರು ಬಾಗಿಲ ಬದಿಯ ಕುರ್ಚಿಯಲ್ಲಿದ್ದರು. ಅವರಿಗೂ ನನಗೂ ನಡುವೆ ಅವ್ವ ಬಂದು ನಿಂತಿದ್ದಳು. ಮಗು ನಿದ್ದೆ ಮಾಡುವ ಪಾಠಕ್ಕೆ ಯಾರು ಅಂಕ ಕೊಡುತ್ತಾರೆ?

ಅಲ್ಲಿಂದಲೇ ಬೆಳೆಯ ಪ್ರಶ್ನೆ ಕೇಳಿದಳು. ಇಡೀ ತರಗತಿ ಒಂದೇ ದನಿಯಲ್ಲಿ ಕಬ್ಬು ಎಂದಿತು. ನೀರಿಲ್ಲದಿದ್ದರೆ ಎಂದು ಅವ್ವ ಕೇಳಿದಳು. ಜೋಳ ಎಂದರು. ಅದಲ್ಲದೆ ಮತ್ತೇನು ಎಂದು ಕೇಳಿ ಕಾದಳು. ಕೊನೆಗೆ ಕೌಜಲಗಿಯ ಹುಡುಗಿಯೊಬ್ಬಳು ಎದ್ದು, ತನ್ನ ಮುತ್ತ್ಯಾ, ಅಂದರೆ ಅಜ್ಜ, ಹಿಂದೆ ಹತ್ತಿ ಬೆಳೆಯುತ್ತಿದ್ದನಂತೆ ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪಾಠದ ಸಾರಾಂಶ ಆಗಿರಲಿಲ್ಲ, ಮನೆಗೆಲಸ ಬರೆಸಿರಲಿಲ್ಲ.

ಪರೀಕ್ಷಕರು ಪೆನ್ನು ಮುಚ್ಚುತ್ತ ಎದ್ದರು. "ಒಂದ ಕಡೆ ನಿಂತಬಿಟ್ರಲ್ರಿ ಅಕ್ಕೋರ. ಬೋರ್ಡ್ ಕಡೆ ಹೋಗಲೇ ಇಲ್ಲ."

"ಹೌದ್ರಿ ಸರ್," ಎಂದಳು ಅವ್ವ. ಚಾರ್ಟು ಇಳಿಸತೊಡಗಿದಳು.

ಸಂಜೆ ನನ್ನನ್ನು ಊರಿನ ಹುಡುಗಿಯರ ಜೊತೆ ಬಸ್ಸು ಹತ್ತಿಸಿ, ಕಾಲೇಜಿಗೆ ಹೋಗಿ ಬರುತ್ತೇನೆಂದು ಹೊರಟಳು. ಮುಂದಿನ ಬಸ್ಸಿಗೆ ಬರಬೇಕಾಗಿತ್ತು. ಬರಲಿಲ್ಲ. ತಮ್ಮ ಅತ್ತು ಅತ್ತು ಸುಮ್ಮನಾದ. ದಿನವೂ ಸೊಸೆಯನ್ನು ಚುಚ್ಚುತ್ತಿದ್ದ ಆಯಿ ಅಂದು ಹೊಸ್ತಿಲಲ್ಲಿ ದಾರಿ ನೋಡುತ್ತ ಕುಳಿತಿದ್ದಳು. ದೀಪ ಹಚ್ಚಿದ ಮೇಲೆ ಅವ್ವ ಬಂದಳು, ಕಾಲು ತೊಳೆದಳು, ತಮ್ಮನನ್ನು ಎತ್ತಿಕೊಂಡಳು. ಪಾಠ ಏನಾಯಿತೆಂದು ಆಯಿ ಮೆಲ್ಲಗೆ ಕೇಳಿದಳು.

"ಯಾರಿಗ್ಗೊತ್ರಿ," ಎಂದಳು ಅವ್ವ.

ಎಲ್ಲೋ ಕುಳಿತು ಅತ್ತು ಬಂದಿದ್ದಾಳೆ ಎಂದು ನಾನು ತೀರ್ಮಾನಿಸಿದೆ. ಫಲಿತಾಂಶ ಬಂದಾಗ ಪಾಸಾಗಿದ್ದಳು, ಬೀಗುವಂಥ ಅಂಕಗಳೇನಲ್ಲ. ವಯಸ್ಸು ಮೀರುವ ಅಂಚಿನಲ್ಲಿ ನೌಕರಿಯೂ ಬಂತು. ಮೂಡಲಗಿಯ ಕಡೆ ಬಹಳ ವರ್ಷ ಕಲಿಸಿ, ಈಗ ಯಮಕನಮರಡಿಯ ಹತ್ತಿರ ಇದ್ದಾಳೆ. ಆದರೆ ಆ ಸಂಜೆಯ ಅಳು ನನ್ನ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು. ಇಂಥದ್ದನ್ನು ಕೇಳುವ ರೂಢಿ ನಮ್ಮ ಮನೆಯಲ್ಲಿಲ್ಲ. ನನಗಂತೂ ಇಲ್ಲವೇ ಇಲ್ಲ.

ರವಿವಾರ ಏನಾಯಿತೋ, ಬಣ್ಣ ಹತ್ತಿದ ಕೈಯಲ್ಲೇ ಅವ್ವನಿಗೆ ಫೋನ್ ಮಾಡಿ ಆ ದಿನದ ಬಗ್ಗೆ ಕೇಳಿದೆ. ಅವಳು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ನಾನು ತೂಕಡಿಸಿದ್ದು ಅವಳಿಗೆ ದೊಡ್ಡ ವಿಷಯವೇ ಆಗಿರಲಿಲ್ಲ. ನಸುಕಿನಲ್ಲಿ ಎಬ್ಬಿಸಿದರೆ ಯಾವ ಕೂಸಾದರೂ ಮಲಗುತ್ತದೆ ಎಂದಳು. ಹಾಗಾದರೆ ಅಷ್ಟು ಹೊತ್ತು ಎಲ್ಲಿ ಅಳುತ್ತ ಕುಳಿತಿದ್ದೆ ಎಂದು ಕೇಳಿದೆ.

"ಅಳಾಕ ತ್ರಾಣ ಎಲ್ಲಿತ್ತ? ಬಸ್‌ಸ್ಟ್ಯಾಂಡಿನಾಗ ಚಾ ಕುಡ್ಯಾಕ ಕುಂತಿದ್ನಿ. ನಪಾಸಾದ್ರ ಆತು, ಇನ್ನ ನನ್ನ ಕೈಯಾಗೇನೈತಿ ಅಂತ ಕುಂತ್ನಿ. ಚಾ ಬಿಸಿ ಇತ್ತ. ಯಾರೂ ಕರೀಲಿಲ್ಲ. ಪೂರಾ ಕಪ್ಪ ಬಿಸಿ ಇದ್ದಾಗನ ಕುಡದ್ನಿ, ನಿಮ್ಮಿಬ್ಬರನ ಹಡದ ಮ್ಯಾಲ ಅದ ಮೊದಲು. ಬಸ್ಸ ಬಂತು. ಹೋಗ್ಲಿ ಅಂದ್ನಿ. ಇನ್ನೊಂದ ಕಪ್ಪ ಹೇಳಿದ್ನಿ."

ಆಮೇಲೆ ಅವಳು ನಾಳೆಯ ಪಾಠಕ್ಕೆ ಓದಿಕೊಳ್ಳಬೇಕು ಎಂದು ಫೋನ್ ಇಟ್ಟಳು.

ನಾನು ಕೈ ತೊಳೆದು ಒಂದು ಕಪ್ ಚಹಾ ಮಾಡಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತೆ. ಒಳಗಿನಿಂದ ಮಗಳು ಕರೆದಳು. ತಡಿ, ಚಾ ಕುಡೀತೇನಿ ಎಂದೆ. ಅವಳು ಮತ್ತೆ ಕರೆದಳು. ನಾನು ಇನ್ನೊಂದು ಗುಟುಕು ಕುಡಿದೆ. ನಾಲಿಗೆ ಸುಟ್ಟಿತು.