ಲೋಲಾಳ ಬೆನ್ನ ಹಿಂದಿನ ಮನುಷ್ಯ

ಬೆಳಕು ಇನ್ನೂ ನೀರಿಗೆ ಇಳಿದಿಲ್ಲ. ಹಡಗಿನ ಹಿಂತುದಿಯಲ್ಲಿ ಎಪಿಫಾನಿಯೊ ದುಮಾಗಿಂಗ್ ನಿಂತಿದ್ದಾರೆ. ಒಂದು ಕೈ ಲಂಗರಿನ ಹಗ್ಗ ಸುತ್ತುವ ವಿಂಚ್‌ನ ಬ್ರೇಕ್ ಚಕ್ರದ ಮೇಲಿದೆ, ಇನ್ನೊಂದರಲ್ಲಿ ತಗಡಿನ ಲೋಟದ ಕಾಫಿ. ಲಿನಾವ್ ದ್ವೀಪ ಅವರ ಬೆನ್ನ ಹಿಂದಿದೆ. ಅಲ್ಲಿ ಇಗರ್ಜಿಯ ಗಂಟೆ ಹೊಡೆಯುತ್ತಿದೆ, ನಾಯಿಗಳು ಬೊಗಳುತ್ತಿವೆ, ಊರಿಗೆ ಊರೇ ಮರಳಿಗೆ ಇಳಿದಿದೆ. ಅವರು ಇದಾವುದನ್ನೂ ನೋಡುತ್ತಿಲ್ಲ. ಅವರ ಎದುರಿಗಿರುವುದು ಹಡಗು ದಾಟಿಬಂದ ನೀರು ಮಾತ್ರ.

ಕಿವಿಗೆ ಸಿಕ್ಕಿಸಿಕೊಂಡ ಫೋನಿನಲ್ಲಿ ಕ್ಯಾಪ್ಟನ್ ಎಸ್ಕಲಾಂತೆ ಒಂದೇ ಮಾತು ಹೇಳುತ್ತಾರೆ: "ಬಿಡಿ."

ಚಕ್ರ ತಿರುಗುತ್ತದೆ. ಲಂಗರು ನೀರಿಗೆ ಬೀಳುತ್ತದೆ, ಉಕ್ಕಿನ ಹಗ್ಗ ಕಿರುಚುತ್ತ ಅದರ ಹಿಂದೆ ಓಡುತ್ತದೆ. ಹಡಗು ಮಾತ್ರ ನಿಲ್ಲದೆ ದಡದ ಕಡೆಗೇ ಸಾಗುತ್ತದೆ. ಸ್ವಲ್ಪ ಹೊತ್ತಿಗೆ ತಳ ಮರಳಿಗೆ ಉಜ್ಜಿದ ಸದ್ದು. ಮೂತಿಯಲ್ಲಿರುವ ಎರಡು ದೊಡ್ಡ ಕದಗಳು ಬಿಚ್ಚಿಕೊಂಡಾಗ ದಡದ ಜನ ಚಪ್ಪಾಳೆ ತಟ್ಟುತ್ತಾರೆ. ಹಿಂತುದಿಗೆ ಅದು ಬೇರೆ ಯಾವುದೋ ಊರಿನಲ್ಲಿ ಬೀಳುತ್ತಿರುವ ಮಳೆಯಂತೆ ಕೇಳಿಸುತ್ತದೆ.

"ಕದ ತೆಗೆದ್ರಾ?" ಎಂದು ಎಪಿಫಾನಿಯೊ ಕೇಳುತ್ತಾರೆ.

"ತೆಗೆದ್ರು, ನೊಂಗ್," ಎನ್ನುತ್ತಾನೆ ಜೊತೆಯ ವಿಂಚ್ ಕೆಲಸಗಾರ ಬೆರ್ತಿಂಗ್. ನೊಂಗ್ ಅಂದರೆ ಅಣ್ಣ. ಹಡಗಿನಲ್ಲಿ ಎಲ್ಲರಿಗೂ ಅವರು ನೊಂಗ್ ಪಾನ್ಯೋಂಗ್.

"ಸರಿ. ಅವರ ಕೆಲಸ ಮುಗೀತು. ಇನ್ನು ನಮ್ದು."

ಟ್ಯಾಂಕುಗಳನ್ನು ನೇರವಾಗಿ ಶತ್ರುವಿನ ದಡಕ್ಕೆ ಇಳಿಸಲೆಂದು ಕಟ್ಟಿದ ಹಡಗು ಇದು. ಅದಕ್ಕೇ ಇದರ ತಳ ಚಪ್ಪಟೆ. ಬಂದರು ಬೇಕಿಲ್ಲ, ದಡಕ್ಕೇ ಹತ್ತಿ ಕೂರುತ್ತದೆ. ಹತ್ತುವುದು ಎಂಜಿನ್ನಿನ ಕೆಲಸ. ಆದರೆ ಹತ್ತಿದ ಹಡಗು ಇಳಿಯಬೇಕಲ್ಲ? ಅದಕ್ಕಾಗಿ ದೂರದಲ್ಲಿ, ಆಳದ ನೀರಿನಲ್ಲಿ, ಮೊದಲೇ ಒಂದು ಲಂಗರು ಬಿಟ್ಟು ಬರಬೇಕು. ಆಮೇಲೆ ಅದರ ಹಗ್ಗವನ್ನು ಸುತ್ತಿಕೊಳ್ಳುತ್ತ ಹಡಗು ತನ್ನನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳಬೇಕು. ಅಕ್ಕಿ ಇಳಿಸುವವರ ಫೋಟೊ ಪತ್ರಿಕೆಗಳಲ್ಲಿ ಬಂದಿದೆ. ಹಗ್ಗ ಹಿಡಿದವರದು ಬಂದಿಲ್ಲ.

ದಾಖಲೆಯಲ್ಲಿ ಹಡಗಿಗೆ ಬೇರೆ ಹೆಸರಿದೆ. ದ್ವೀಪಗಳ ಜನ ಕರೆಯುವುದು ಲೋಲಾ, ಅಜ್ಜಿ, ಎಂದೇ. ಇದು ಲೋಲಾಳ ಕೊನೆಯ ಪ್ರಯಾಣ. ಚಂಡಮಾರುತ ಮನೆಗಳ ಮಾಡು ಹಾರಿಸಿಕೊಂಡು ಹೋದ ಮೇಲೆ ತಗಡು, ಸಿಮೆಂಟು, ಅಕ್ಕಿ ಹೊತ್ತು ಬಂದಿದ್ದಾಳೆ. ಇಳಿಸಿ ಹೊರಟರೆ ಮುಂದೆ ಗುಜರಿ. ಈಗ ಅವಳ ತಳ ಎಷ್ಟು ಸವೆದಿದೆಯೆಂದರೆ, ನೀರು ಇಳಿಯುವ ಮೊದಲೇ ದಡ ಬಿಡಬೇಕು. ಸಿಕ್ಕಿಕೊಂಡರೆ ತನ್ನ ಭಾರಕ್ಕೆ ತಾನೇ ಬಿರಿಯುತ್ತಾಳೆ; ಒಳಗಿನ ಎಣ್ಣೆ, ಲಿನಾವ್ ಜನ ಮೀನು ಹಿಡಿಯುವ, ಕಡಲಪಾಚಿ ಬೆಳೆಯುವ ನೀರಿಗೆ ಸೇರುತ್ತದೆ. ಕೊಡಲು ಬಂದವಳು ಕಿತ್ತುಕೊಂಡು ಹೋದಂತೆ.

ಹಿಂತುದಿಯಲ್ಲಿ ನಿಂತರೆ ಚರಿತ್ರೆಯೂ ಹಿಂದುಮುಂದಾಗಿ ಕಾಣುತ್ತದೆ. ಹತ್ತಿರದಲ್ಲಿ ಲೋಲಾ ದ್ವೀಪಗಳಿಗೆ ಹೊತ್ತು ತಂದ ಮತಪೆಟ್ಟಿಗೆಗಳು, ಮೇಷ್ಟರುಗಳು, ಒಮ್ಮೆ ಕಾಲುಕಟ್ಟಿದ ಎಮ್ಮೆಗಳ ಹಿಂಡು. ಅದರಾಚೆ, ಸೋತ ಊರೊಂದರಿಂದ ಓಡಿಬಂದ ಜನ. ಟ್ಯಾಂಕು ನಿಲ್ಲುವ ಜಾಗದಲ್ಲಿ ಅವರು ಸೀರೆಯಷ್ಟುದ್ದದ ಬಟ್ಟೆ ಕಟ್ಟಿ ತೊಟ್ಟಿಲು ಮಾಡಿಕೊಂಡಿದ್ದರಂತೆ. ಅದರಾಚೆ ಕೊರಿಯಾದ ಹಿಮ. ಇನ್ನೂ ಆಚೆ ನಾರ್ಮಂಡಿಯ ದಡ: ಹೋಗುವಾಗ ಟ್ಯಾಂಕು, ಬರುವಾಗ ಗಾಯಾಳುಗಳು. ಎಲ್ಲಕ್ಕಿಂತ ದೂರದಲ್ಲಿ, ಸಮುದ್ರವನ್ನೇ ಕಾಣದ ಅಮೆರಿಕದ ನದಿ ದಂಡೆ, ಮೆಕ್ಕೆಜೋಳದ ಹೊಲಗಳ ನಡುವೆ ಲೋಲಾಳನ್ನು ಕಟ್ಟಿದ ಬೆಸುಗೆಯ ಕಿಡಿ. ಆ ಬೆಸುಗೆ ಹಾಕಿದವರಲ್ಲಿ ಹೆಂಗಸರೂ ಇದ್ದರು.

"ಆ ಹೆಂಗಸರು ಯಾರೋ ಏನೋ," ಎನ್ನುತ್ತಾರೆ ಪಾನ್ಯೋಂಗ್, ಅಂಗೈಯಿಂದ ಕಬ್ಬಿಣ ತಟ್ಟುತ್ತ. "ಒಂದು ಯುದ್ಧಕ್ಕೆ ಸಾಕು ಅಂತ ಮಾಡಿದ್ರಂತೆ. ನನ್ನ ಇಡೀ ನೌಕರಿಗೆ ಬಂತು. ಸಿಕ್ಕಿದ್ರೆ ಊಟಕ್ಕೆ ಕರೀತಿದ್ದೆ."

ಅವರದು ಮೀನುಗಾರರ ಮನೆ. ದೋಣಿಯೊಂದಿಗೆ ತಂದೆಯೂ ಕಡಲಿನ ಪಾಲಾದ ವರ್ಷವೇ ಅವರು ನೌಕಾಪಡೆ ಸೇರಿದರು. ಚೀಲ ಹಿಡಿದು ಹಡಗು ಹತ್ತಿದ ದಿನ ಯಾರೋ ಹಿಂತುದಿಗೆ ಕಳಿಸಿದರು, ಅಲ್ಲೇ ಉಳಿದರು. ಉಕ್ಕಿನ ಹಗ್ಗ ತುಂಡಾಗಿ ಬೀಸಿದ ಏಟಿಗೆ ಎಡಗೈಯ ಕಿರುಬೆರಳು ಹೋಗಿದೆ. ಶಾಂತ ನೀರಿನಲ್ಲೂ ಹೊರಳಾಡುವ ಹಡಗಿನಲ್ಲಿ ಸೊಂಟ ಹೋಗಿದೆ. ಕೇಳಿದರೆ, "ಲೋಲಾಳದ್ದೂ ಹೋಗಿದೆಯಲ್ಲ," ಎಂದು ನಗುತ್ತಾರೆ.

ತಪ್ಪೂ ಒಂದು ನಡೆದಿದೆ. ಬೆರ್ತಿಂಗ್ ಅದನ್ನು ಹೇಳದೆ ಬಿಡುವವನಲ್ಲ.

"ಇದೇ ಲಿನಾವ್, ಇದೇ ದಡ. ನೊಂಗ್ ತಡ ಮಾಡಿ ಲಂಗರು ಬಿಟ್ರು! ಆಚೆ ಬಿಡೋದು ಬಿಟ್ಟು ಹೆಚ್ಚುಕಮ್ಮಿ ಇಲ್ಲೇ ಕಾಲ ಬುಡಕ್ಕೆ."

"ಹೊಸಬ ನಾನು ಆವಾಗ."

"ಎಳೆದ್ರೆ ಹಡಗು ಬರ್ಲಿಲ್ಲ, ಲಂಗರೇ ಬಂತು! ಅವತ್ತು ಹುಣ್ಣಿಮೆ ಭರತ. ಅಷ್ಟು ನೀರು ಮತ್ತೆ ಬರೋದು ಅಮಾವಾಸ್ಯೆಗೇ. ಅಲ್ಲೀವರೆಗೂ ಮರಳ ಮೇಲೆ."

ಲಿನಾವ್‌ಗೆ ಆಗ ವಿದ್ಯುತ್ ಇರಲಿಲ್ಲ. ಲೋಲಾಳ ಜನರೇಟರಿನಿಂದ ತಂತಿ ಎಳೆದರು. ಇಗರ್ಜಿಯ ಅಂಗಳದಲ್ಲಿ ಬಲ್ಬು ಉರಿಯಿತು, ಮಕ್ಕಳು ಅದರ ಕೆಳಗೆ ಓದಿದರು. ಪ್ರತಿಯಾಗಿ ಊರು ಹಡಗಿಗೆ ಗೆಣಸು, ಒಣಮೀನು, ತೆಂಗಿನ ಕಳ್ಳು ಹೊತ್ತು ತಂದಿತು. ಗೆಣಸು ತಂದ ಲಿಯೋನಿಲಾ ಎಂಬ ಹುಡುಗಿ ತಲೆತಗ್ಗಿಸಿ ಕೂತ ವಿಂಚ್‌ನವನನ್ನು ಕೇಳಿದ್ದಳು: "ನಿಮ್ದು ಹಡಗೋ, ಎಮ್ಮೆಯೋ? ಕೆಸರಲ್ಲಿ ಮಲಗಿದ್ದು ಏಳೋದೇ ಇಲ್ವಲ್ಲ!" ಹಡಗು ಎದ್ದು ಹೋದ ಮರುವರ್ಷ ಅದೇ ಇಗರ್ಜಿಯಲ್ಲಿ ಅವರಿಬ್ಬರ ಮದುವೆಯಾಯಿತು. ಆ ಲಿಯೋನಿಲಾ, ಪಾನ್ಯೋಂಗ್‌ರ ನಿಲಾ, ಈಗಲೂ ಇದೇ ದಡದಲ್ಲಿದ್ದಾರೆ.

ಪಾನ್ಯೋಂಗ್‌ಗೆ ಒಂದೇ ಆಸೆ. ಲೋಲಾ ದಡಕ್ಕೆ ಬರುವುದನ್ನು ದಡದಲ್ಲಿ ನಿಂತು ನೋಡಬೇಕು. ಕಡಲಿನಿಂದ ಎದ್ದ ಮನೆಯೊಂದು ನಡೆದು ಬಂದು, ಬಾಗಿಲು ತೆಗೆದು, ನಾಲಿಗೆ ಚಾಚಿದ ಹಾಗೆ, ಎಂದು ನಿಲಾ ಬಣ್ಣಿಸಿದ್ದನ್ನು ಕೇಳಿದ್ದಾರೆ ಅಷ್ಟೆ. ಲೋಲಾ ಬರುವಾಗಲೆಲ್ಲ ಅವರು ದಡಕ್ಕೆ ಬೆನ್ನು ಮಾಡಿ ನಿಂತಿರುತ್ತಾರೆ.

ನಿನ್ನೆ ಸಂಜೆ ಕ್ಯಾಪ್ಟನ್ ತಾವಾಗಿ ಕರೆದು ಹೇಳಿದ್ದರು: "ನಾಳೆ ಮೊದಲೇ ದೋಣೀಲಿ ದಡಕ್ಕೆ ಹೋಗಿಬಿಡಿ. ಕೊನೇ ಸಲ, ಮಡದಿ ಜೊತೆ ನಿಂತು ನೋಡಿ. ಬೆರ್ತಿಂಗ್ ನೋಡ್ಕೋತಾನೆ."

ಅವರು ಹೋಗಲಿಲ್ಲ. ಯಾಕೆ?

"ಬೆರ್ತಿಂಗ್‌ಗೆ ಕೆಲಸ ಬರಲ್ಲ ಅಂತಲ್ಲ, ಚೆನ್ನಾಗೇ ಬರುತ್ತೆ. ಆದ್ರೆ ಇವತ್ತು ಸಿಕ್ಕಾಕೊಂಡ್ರೆ ಊರಿನ ನೀರೇ ಹಾಳು. ಆ ಹೆಸರು ಜೀವನಪೂರ್ತಿ ಅವನಿಗೇ ಅಂಟ್ಕೊಳ್ಳುತ್ತೆ. ನನಗಾದ್ರೆ ಹಳೇ ಹೆಸರು ಇದೆ, ಇನ್ನೊಂದು ಸೇರುತ್ತೆ ಅಷ್ಟೆ." ಒಂದು ಗುಟುಕು ಕಾಫಿ. "ಮತ್ತೆ ಈ ಊರು ನನಗೆ ಕೊಟ್ಟಿದ್ದು ಕಡಿಮೆಯಾ?"

ಕೊನೆಯ ಸಿಮೆಂಟಿನ ಚೀಲ ಇಳಿಯುವಷ್ಟರಲ್ಲಿ ಬಿಸಿಲು ಏರಿದೆ, ಭರತದ ನೀರು ಏರಿ ನಿಂತಿದೆ. ಕದ ಮುಚ್ಚುತ್ತದೆ. ಎಂಜಿನ್ನುಗಳು ಹಿಂದಕ್ಕೆ ತಿರುಗುತ್ತವೆ, ಹಗ್ಗ ಬಿಗಿಯುತ್ತದೆ. ಹಡಗು ಅಲ್ಲಾಡುವುದಿಲ್ಲ. ನೀರು ಕಲಕಿ ಮರಳಿನ ಬಣ್ಣಕ್ಕೆ ತಿರುಗುತ್ತದೆ. ಬೆರ್ತಿಂಗ್‌ನ ಹಾಸ್ಯವೆಲ್ಲ ನಿಂತಿದೆ.

"ಇನ್ನೂ ಎಳೀಲಾ, ನೊಂಗ್?"

"ಬೇಡ. ಲಂಗರು ಕಿತ್ಕೊಂಡು ಬರುತ್ತೆ. ಹಿಡ್ಕೋ. ಅಲೆ ಬರ್ಲಿ."

ಅಲೆಯೊಂದು ಬಂದು ಹಡಗಿನ ಹಿಂಭಾಗವನ್ನು ಕೊಂಚ ಎತ್ತುತ್ತದೆ. "ಈಗ." ಹಗ್ಗ ಒಂದು ಸುತ್ತು ಒಳಬರುತ್ತದೆ. ಅಲೆ ಇಳಿಯುತ್ತದೆ. "ಹಿಡಿ." ಮತ್ತೊಂದು ಅಲೆ. "ಈಗ." ಹೀಗೆ ಎಷ್ಟು ಸಲವೋ. ಪಾನ್ಯೋಂಗ್‌ರ ಕುತ್ತಿಗೆಯ ನರ ಹಗ್ಗದಂತೆಯೇ ಎದ್ದಿದೆ. ಕಡೆಗೆ ತಳದಿಂದ ದೀರ್ಘವಾದ ನಿಟ್ಟುಸಿರಿನಂಥ ಸದ್ದು, ಲೋಲಾ ಜಾರುತ್ತಾಳೆ, ತೇಲುತ್ತಾಳೆ.

"ಎದ್ದಳು ಎಮ್ಮೆ!" ಎಂದು ಬೆರ್ತಿಂಗ್ ಕೂಗುತ್ತಾನೆ.

ಲಂಗರು ಮೇಲೆ ಬಂದು, ಹಡಗು ತಿರುಗಿಕೊಳ್ಳಲು ನಿಧಾನಿಸಿದಾಗ, ಎರಡೂ ಕಡೆಯಿಂದ ದೋಣಿಗಳು ಕಾಣಿಸಿಕೊಳ್ಳುತ್ತವೆ. ಲಿನಾವ್‌ನ ಜನ ಮೂತಿಯ ಕಡೆ ನಿಲ್ಲದೆ ಸುತ್ತಿ ಹಿಂತುದಿಗೆ ಬರುತ್ತಿದ್ದಾರೆ. ಇಲ್ಲಿಗೆ ಯಾರೂ ಯಾವತ್ತೂ ಬಂದದ್ದಿಲ್ಲ. ಪಾನ್ಯೋಂಗ್ ಟೋಪಿ ಕಿತ್ತು ಗಾಳಿಯಲ್ಲಿ ಬೀಸುತ್ತಾರೆ, ವಂದನೆಗಲ್ಲ.

"ದೂರ! ದೂರ ಹೋಗ್ರೋ! ಕೆಳಗೆ ಪ್ರೊಪೆಲ್ಲರ್ ತಿರುಗ್ತಿದೆ, ಬುದ್ಧಿ ಇಲ್ವಾ ನಿಮಗೆ!"

"ಕಿರುಚ್ಬೇಡ, ಪಾನ್ಯೋಂಗ್!" ಮೊದಲ ದೋಣಿಯಲ್ಲಿ, ಕೊಡೆ ಹಿಡಿದು ನಿಂತವರು ನಿಲಾ. "ದೂರಾನೇ ಇದೀವಿ! ಇಷ್ಟು ವರ್ಷ ಇವಳ ಮುಖ ನೋಡಿದ್ದಾಯ್ತು. ಇವತ್ತು ಬೆನ್ನು ನೋಡೋಕೆ ಬಂದ್ವಿ!"

"ಬೆನ್ನಲ್ಲಿ ಏನಿದೆ? ಬರೀ ತುಕ್ಕು!"

"ತುಕ್ಕಿನ ಪಕ್ಕದಲ್ಲೇ ಇನ್ನೊಂದು ತುಕ್ಕು ನಿಂತಿದೆಯಲ್ಲ, ಅದನ್ನ!"

ದೋಣಿಗಳೆಲ್ಲ ನಗುತ್ತವೆ. ಆಮೇಲೆ, ಯಾರೂ ಹೇಳಿಕೊಡದೆ, ಚಪ್ಪಾಳೆ ಶುರುವಾಗುತ್ತದೆ. ಈ ಸಲ ಮಳೆ ಬೇರೆ ಊರಿನದಲ್ಲ. ಪಾನ್ಯೋಂಗ್ ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಾರೆ. ಎಲ್ಲಿ ನೋಡಬೇಕೆಂದು ತಿಳಿಯದೆ ಬ್ರೇಕ್ ಚಕ್ರದತ್ತ ನೋಡುತ್ತಾರೆ.

ಬರುವುದನ್ನು ನೋಡಲಾಗಲಿಲ್ಲವಲ್ಲ ಎಂದರೆ, ಚಿಂದಿ ಬಟ್ಟೆಯಿಂದ ಚಕ್ರ ಒರೆಸುತ್ತ ಹೇಳುತ್ತಾರೆ: "ಬಂದಿದ್ದನ್ನ ಅವರು ನೋಡಿದಾರೆ, ಸಾಕು. ಹತ್ತಿದ ದಡದಿಂದೆಲ್ಲ ಅವಳನ್ನ ಹೊತ್ತಿಗೆ ಸರಿಯಾಗಿ ವಾಪಸ್ ಕರ್ಕೊಂಡು ಹೊರಟಿದ್ದು ನಾನು."

ದೂರದ ದೋಣಿಯಲ್ಲಿ ಕೊಡೆಯೊಂದು ಇನ್ನೂ ಅಲ್ಲಾಡುತ್ತಿದೆ.

"ಒಂದ್ಸಲ ಬಿಟ್ಟು," ಎನ್ನುತ್ತಾರೆ.